ಹಳೆಯ ಪ್ರೊಜೆಕ್ಟರಿನಲ್ಲಿ 16 ಮಿ.ಮೀ. ಪ್ರಿಂಟರ್: ಕಟ್ಟಿದ್ದು, ಕೆಟ್ಟದ್ದು, ಮತ್ತೆ ಕಟ್ಟಿದ್ದು

ನೆಗೆಟಿವ್ ಫಿಲ್ಮಿನಲ್ಲಿ ಚಿತ್ರ ತೆಗೆಯುವವರಿಗೆ ಹಳೆಯ ಕ್ಯಾಮೆರಾ ಸಿಗುತ್ತದೆ, ಹಳೆಯ ಪ್ರೊಜೆಕ್ಟರ್ ಸಿಗುತ್ತದೆ. ಇವೆರಡರ ನಡುವಿನ ಕೆಲಸ ಮಾಡುವ ಪ್ರಿಂಟರ್ ಮಾತ್ರ ಸುಲಭವಾಗಿ ಸಿಗುವುದಿಲ್ಲ. ಲ್ಯಾಬುಗಳು ಬಳಸುತ್ತಿದ್ದ ಪ್ರಿಂಟರುಗಳು ಆಳೆತ್ತರದ, ಇಬ್ಬರು ಸೇರಿದರೂ ಎತ್ತಲಾಗದ ಯಂತ್ರಗಳು. ಲ್ಯಾಬುಗಳು ಮುಚ್ಚಿದಾಗ ಅವುಗಳಲ್ಲಿ ಎಷ್ಟೋ ಗುಜರಿ ಸೇರಿದವು. ಆದರೆ ಪ್ರಿಂಟರಿನ ಕೆಲಸವನ್ನು ಬಿಡಿಸಿ ನೋಡಿದರೆ ಅದು ಇಷ್ಟೇ: ಡೆವಲಪ್ ಆದ ನೆಗೆಟಿವನ್ನೂ ಇನ್ನೂ ಬೆಳಕು ಕಾಣದ ಪ್ರಿಂಟ್ ಫಿಲ್ಮನ್ನೂ ಎಮಲ್ಷನ್‌ಗೆ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ತಾಗುವಂತೆ ಒತ್ತಿ ಹಿಡಿದು, ನೆಗೆಟಿವಿನ ಬೆನ್ನಿನ ಕಡೆಯಿಂದ ಅಳೆದ ಬೆಳಕನ್ನು ಬಿಡಬೇಕು, ಆಮೇಲೆ ಎರಡನ್ನೂ ಒಂದು ಫ್ರೇಮಿನಷ್ಟು ಮುಂದಕ್ಕೆ ಸರಿಸಬೇಕು. ಫಿಲ್ಮನ್ನು ಫ್ರೇಮ್ ಲೆಕ್ಕದಲ್ಲಿ ಸರಿಸುವ ಯಂತ್ರ ನನ್ನ ಬಳಿ ಆಗಲೇ ಇತ್ತು. ಆಂಪ್ಲಿಫೈಯರ್ ಕೆಟ್ಟ, ದೀಪ ಸುಟ್ಟ ಒಂದು 16 ಮಿ.ಮೀ. ಪ್ರೊಜೆಕ್ಟರನ್ನು ಕಾಂಟ್ಯಾಕ್ಟ್ ಪ್ರಿಂಟರಾಗಿ ಮಾರ್ಪಡಿಸಿದ ದಾಖಲೆ ಇದು. ಸರಿಹೋದದ್ದಕ್ಕಿಂತ ಕೆಟ್ಟದ್ದನ್ನೇ ಇಲ್ಲಿ ಹೆಚ್ಚು ವಿವರವಾಗಿ ಬರೆದಿದ್ದೇನೆ, ಏಕೆಂದರೆ ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗುವುದು ಅದೇ.

ಈ ಉಪಾಯ ಹೊಸದೇನಲ್ಲ. 1895ರ ಲ್ಯೂಮಿಯೇರ್ ಸಹೋದರರ ಸಿನೆಮಾಟೋಗ್ರಾಫ್ ಒಂದೇ ಪೆಟ್ಟಿಗೆಯಲ್ಲಿ ಕ್ಯಾಮೆರಾ, ಪ್ರಿಂಟರ್, ಪ್ರೊಜೆಕ್ಟರ್ ಮೂರೂ ಆಗಿತ್ತು. ನೆಗೆಟಿವನ್ನೂ ಹೊಸ ಫಿಲ್ಮನ್ನೂ ಜೊತೆಮಾಡಿ ಅದೇ ಗೇಟಿನಲ್ಲಿ, ಅಂದರೆ ಫಿಲ್ಮು ಬೆಳಕಿನ ಕಿಂಡಿಯೆದುರು ಬರುವ ಜಾಗದಲ್ಲಿ, ಹಾಯಿಸಿ, ಬೆಳಕಿನ ಕಡೆಗೆ ಮುಖಮಾಡಿಸಿ ಹಿಡಿಕೆ ತಿರುಗಿಸಿದರೆ ಪ್ರಿಂಟ್ ಆಗುತ್ತಿತ್ತು. ಲಂಡನ್ನಿನಲ್ಲಿ 1966ರಲ್ಲಿ ಹುಟ್ಟಿದ ಚಿತ್ರಕಾರರ ಸಹಕಾರ ಸಂಘವಾದ ಫಿಲ್ಮ್‌ಮೇಕರ್ಸ್ ಕೋ-ಆಪ್‌ನ ಆರಂಭದ ದಿನಗಳಲ್ಲಿ ಪ್ರಯೋಗಶೀಲ ಚಿತ್ರಕಾರ ಮಾಲ್ಕಮ್ ಲೆ ಗ್ರೈಸ್ ಅವರು ತಾವೇ ಜೋಡಿಸಿಕೊಂಡ ಪ್ರಿಂಟಿಂಗ್ ಸಲಕರಣೆಯಿಂದ ಕೆಲಸ ಮಾಡಿದರು. ಅಲ್ಲಿ ಪ್ರಿಂಟರ್ ಬರಿಯ ನಕಲು ಯಂತ್ರವಾಗಿ ಉಳಿಯಲಿಲ್ಲ. ಒಂದೇ ತುಣುಕನ್ನು ಮತ್ತೆ ಮತ್ತೆ ಹಾಯಿಸಿ, ಒಂದರ ಮೇಲೊಂದು ಕೂರಿಸಿ ಚಿತ್ರವನ್ನು ಕಟ್ಟುವ ಜಾಗವೇ ಅದಾಯಿತು. ಪ್ಯಾರಿಸ್ ಪ್ರದೇಶದ ಲಾಬೊಮಿನಾಬ್ಲ್ 1996ರಿಂದ ಚಿತ್ರಕಾರರೇ ನಡೆಸಿಕೊಂಡು ಬಂದಿರುವ ಲ್ಯಾಬು. ಪ್ರಯೋಗಶೀಲರು ಹೆಚ್ಚಾಗಿ ನೆಚ್ಚಿಕೊಂಡ ಜೆ-ಕೆ ಮಾದರಿಯ ಆಪ್ಟಿಕಲ್ ಪ್ರಿಂಟರಿನಲ್ಲಿ ಗೇಟಿನಲ್ಲಿರುವ ಫ್ರೇಮನ್ನು ಲೆನ್ಸಿನ ಮೂಲಕ ಕ್ಯಾಮೆರಾ ಮರುಚಿತ್ರಿಸುತ್ತದೆ. ಹಿಗ್ಗಿಸುವುದು, ಒಂದೇ ಫ್ರೇಮನ್ನು ಹಿಡಿದು ನಿಲ್ಲಿಸುವುದು ಮುಂತಾದುವೆಲ್ಲ ಅದರಲ್ಲಿ ಸಾಧ್ಯ. ನನಗೆ ಬೇಕಾಗಿದ್ದುದು ಪ್ರಿಂಟ್ ಮತ್ತು ಚಿತ್ರದ ಮೇಲೆ ಚಿತ್ರ, ಇವೆರಡೇ ಆದ್ದರಿಂದ ಲೆನ್ಸಿನ ಗೊಡವೆಯಿಲ್ಲದ ಕಾಂಟ್ಯಾಕ್ಟ್ ದಾರಿಯನ್ನೇ ಹಿಡಿದೆ.

ಕಾಂಟ್ಯಾಕ್ಟ್ ಪ್ರಿಂಟರಿನಲ್ಲಿಯೂ ಎರಡು ಬಗೆಗಳಿವೆ. ಒಂದರಲ್ಲಿ ಎರಡು ಫಿಲ್ಮುಗಳೂ ಒಂದೇ ಸ್ಪ್ರಾಕೆಟ್ ಚಕ್ರದ (ಫಿಲ್ಮಿನ ಅಂಚಿನ ತೂತುಗಳಿಗೆ ಕೂರುವ ಹಲ್ಲಿನ ಚಕ್ರ) ಮೇಲೆ ನಿಲ್ಲದೆ ಸಾಗುತ್ತ ಒಂದು ಸಣ್ಣ ಬೆಳಕಿನ ಸೀಳನ್ನು ದಾಟುತ್ತವೆ; ಇನ್ನೊಂದರಲ್ಲಿ ಪ್ರತಿ ಫ್ರೇಮೂ ಗೇಟಿನಲ್ಲಿ ನಿಂತು, ಬೆಳಕು ಕಂಡು, ಮುಂದೆ ಹೋಗುತ್ತದೆ. ಮೊದಲನೆಯದನ್ನು ಕಟ್ಟುವುದು ಸುಲಭವೆಂದು ತೋರುತ್ತದೆ, ಏಕೆಂದರೆ ತೂತಿಗೆ ನುಗ್ಗಿ ಫಿಲ್ಮನ್ನು ಎಳೆಯುವ ಕೊಕ್ಕೆ, ಫಿಲ್ಮು ಸರಿಯುವಾಗ ಬೆಳಕನ್ನು ಮರೆಮಾಡುವ ಷಟರ್ ಯಾವುದೂ ಬೇಡ. ನಾನೂ ಪ್ರೊಜೆಕ್ಟರಿನ 12 ಹಲ್ಲಿನ ಸ್ಪ್ರಾಕೆಟನ್ನು ಬಿಚ್ಚಿ ಅದರಿಂದಲೇ ಆರಂಭಿಸುವವನಿದ್ದೆ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ ಕೈಬಿಟ್ಟೆ. ಕ್ಯಾಮೆರಾ ನೆಗೆಟಿವಿನ ತೂತಿನಿಂದ ತೂತಿಗೆ ಇರುವ ಅಂತರ 7.605 ಮಿ.ಮೀ., ಪ್ರಿಂಟ್ ಫಿಲ್ಮಿನದು 7.620 ಮಿ.ಮೀ. ಈ ಕೂದಲೆಳೆಯ ವ್ಯತ್ಯಾಸವನ್ನು ಬೇಕೆಂದೇ ಇಟ್ಟಿದ್ದಾರೆ: ಚಕ್ರದ ಮೇಲೆ ನೆಗೆಟಿವ್ ಒಳಗಡೆ, ಪ್ರಿಂಟ್ ಫಿಲ್ಮ್ ಹೊರಗಡೆ ಕೂರುವುದರಿಂದ ಹೊರಗಿನದು ತುಸು ದೊಡ್ಡ ಸುತ್ತನ್ನು ಹಾಯಬೇಕು, ಆ ಹೆಚ್ಚುವರಿ ದಾರಿಯನ್ನು ತೂತಿನ ಅಂತರವೇ ತುಂಬಿಕೊಡುತ್ತದೆ. ಈ ಹೆಚ್ಚಳ ಸುಮಾರು 0.2 ಪ್ರತಿಶತ. ಫಿಲ್ಮಿನ ದಪ್ಪ ಸುಮಾರು 0.15 ಮಿ.ಮೀ. ಎಂದಿಟ್ಟುಕೊಂಡರೆ, ಲೆಕ್ಕ ಕೂಡಬೇಕಾದರೆ ಚಕ್ರದ ತ್ರಿಜ್ಯ ಸುಮಾರು 75 ಮಿ.ಮೀ. ಇರಬೇಕು, ಅಂದರೆ ಅಂಗೈಗಿಂತ ದೊಡ್ಡದಾದ, ಅರವತ್ತಕ್ಕೂ ಹೆಚ್ಚು ಹಲ್ಲುಗಳ ಚಕ್ರ. ನನ್ನ 12 ಹಲ್ಲಿನ ಸ್ಪ್ರಾಕೆಟಿನ ತ್ರಿಜ್ಯ ಕೇವಲ 14.5 ಮಿ.ಮೀ.; ಅದರ ಮೇಲೆ ಹೊರಗಿನ ಫಿಲ್ಮು ಒಂದು ಪ್ರತಿಶತದಷ್ಟು ಉದ್ದವಾಗಿರಬೇಕಾಗುತ್ತದೆ, ಇರುವುದು ಅದರ ಐದನೆಯ ಒಂದು ಪಾಲು. ಉಳಿದದ್ದೆಲ್ಲ ಜಾರುವಿಕೆಯಾಗಿ, ಚಿತ್ರದ ಮಸುಕಾಗಿ ಹೊರಬರುತ್ತದೆ. ಚಪ್ಪಟೆಯಾದ ಗೇಟಿನಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಕೊಕ್ಕೆ ಪ್ರತಿ ಸಲವೂ ಎರಡೂ ಫಿಲ್ಮಿನ ತೂತುಗಳಲ್ಲಿ ಒಟ್ಟಿಗೇ ನುಗ್ಗಿ ಎಳೆಯುವುದರಿಂದ 0.015 ಮಿ.ಮೀ. ವ್ಯತ್ಯಾಸ ಆ ಫ್ರೇಮಿಗೇ ಮುಗಿದುಹೋಗುತ್ತದೆ, ಮುಂದಿನ ಫ್ರೇಮಿಗೆ ಸಾಲವಾಗಿ ಸೇರುವುದಿಲ್ಲ. ಆದ್ದರಿಂದ ಪ್ರೊಜೆಕ್ಟರಿನ ಗೇಟನ್ನೂ ಕೊಕ್ಕೆಯನ್ನೂ ಇದ್ದ ಹಾಗೆಯೇ ಬಳಸುವುದೆಂದು ತೀರ್ಮಾನಿಸಿದೆ.

ಬಿಚ್ಚುವ ಕೆಲಸ ಒಂದು ಸಂಜೆಯದು. ದೀಪ, ಟ್ರಾನ್ಸ್‌ಫಾರ್ಮರ್, ಫ್ಯಾನು, ಮೋಟಾರು, ಲೆನ್ಸು, ಆಂಪ್ಲಿಫೈಯರ್ ಎಲ್ಲವನ್ನೂ ತೆಗೆದು ಸ್ಕ್ರೂಗಳ ಸಮೇತ ಡಬ್ಬಿಗಳಲ್ಲಿ ಹಾಕಿಟ್ಟೆ. ಷಟರಿನ ಹೆಚ್ಚುವರಿ ರೆಕ್ಕೆಗಳನ್ನು ಕತ್ತರಿಸಿಬಿಡುವ ಆಸೆಯಾಯಿತು. ಹಾಗೆ ಮಾಡದೆ ತೆಳುವಾದ ಅಲ್ಯುಮಿನಿಯಂ ತಗಡಿನಲ್ಲಿ ಒಂದೇ ರೆಕ್ಕೆಯ ಹೊಸ ಬಿಲ್ಲೆಯನ್ನು ಮಾಡಿ ಮೂಲದ್ದನ್ನು ಎತ್ತಿಟ್ಟೆ. ಈಗ ಆ ಹೊಸ ಬಿಲ್ಲೆಯೂ ಬೇಕಾಗಿಲ್ಲ, ಅದರ ಕಥೆ ಮುಂದೆ ಬರುತ್ತದೆ. ಒಣಗಿ ಅಂಟಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು, ಹೊಸ ಎಣ್ಣೆಯನ್ನು ಮಿತವಾಗಿ ಹಾಕಿದೆ. ಪ್ರಿಂಟ್ ಫಿಲ್ಮಿನ ಮೇಲೆ ಎಣ್ಣೆಯ ಒಂದು ಹನಿ ಬಿದ್ದರೂ ಆ ಜಾಗಕ್ಕೆ ಡೆವಲಪರ್ ಇಳಿಯುವುದಿಲ್ಲ.

ಗೇಟಿಗೆ ಅರ ಹಾಕಿದ್ದು ಮಾತ್ರ ಹಿಂದಿರುಗಿಸಲಾಗದ ಕೆಲಸ. ಪ್ರೊಜೆಕ್ಟರಿನ ಕಿಂಡಿ ಕ್ಯಾಮೆರಾದ ಕಿಂಡಿಗಿಂತ ಚಿಕ್ಕದು: ಕ್ಯಾಮೆರಾ 10.26 × 7.49 ಮಿ.ಮೀ. ಚಿತ್ರವನ್ನು ಮೂಡಿಸುತ್ತದೆ, ಪ್ರೊಜೆಕ್ಟರ್ ಅಂಚುಗಳನ್ನು ಮುಚ್ಚಿ ಸುಮಾರು 9.65 × 7.2 ಮಿ.ಮೀ. ಮಾತ್ರ ತೋರಿಸುತ್ತದೆ. ಹಾಗೆಯೇ ಪ್ರಿಂಟ್ ಮಾಡಿದರೆ ಬೆಳಕು ತಾಗದ ಅಂಚು ಪ್ರಿಂಟಿನಲ್ಲಿ ಪಾರದರ್ಶಕವಾಗಿ ಉಳಿದು, ಪರದೆಯ ಮೇಲೆ ಬೆಳ್ಳಗೆ ಉರಿಯುವ ಗೆರೆಯಾಗುತ್ತದೆ. ಇನ್ನೊಂದು ಕಡೆ, ಎತ್ತರವನ್ನು 7.62ಕ್ಕಿಂತ ಹೆಚ್ಚಿಸಿದರೆ ಪಕ್ಕದ ಫ್ರೇಮಿನ ಅಂಚಿಗೂ ಬೆಳಕು ಬಿದ್ದು ಅಲ್ಲಿ ಎರಡೆರಡು ಬಾರಿ ಪ್ರಿಂಟ್ ಆಗುತ್ತದೆ. ಮೊದಲು ಇದು ನನ್ನನ್ನು ಕಾಡಿತು. ಆಮೇಲೆ ಹೊಳೆಯಿತು, ನೆಗೆಟಿವಿನಲ್ಲಿ ಎರಡು ಫ್ರೇಮುಗಳ ನಡುವಿನ ಪಟ್ಟಿ ಪಾರದರ್ಶಕವಾಗಿರುತ್ತದೆ, ಅದು ಪ್ರಿಂಟಿನಲ್ಲಿ ಕಪ್ಪಾಗಿಯೇ ಬರಬೇಕು, ಆ ಪಟ್ಟಿಗೆ ಎರಡು ಬಾರಿ ಬೆಳಕು ಬಿದ್ದರೆ ನಷ್ಟವೇನೂ ಇಲ್ಲ. ಆದ್ದರಿಂದ ಎತ್ತರವನ್ನು 7.65ಕ್ಕೆ, ಅಗಲವನ್ನು 10.3ಕ್ಕೆ ತಂದೆ. ಸೂಜಿ ಅರದಿಂದ ನಾಲ್ಕು ಎಳೆತಕ್ಕೊಮ್ಮೆ ವರ್ನಿಯರ್ ಹಿಡಿದು ಅಳೆಯುತ್ತ, ಕೊನೆಗೆ 1000ದ ನಯವಾದ ಉಜ್ಜುಕಾಗದದಿಂದ ಅಂಚಿನ ಮುಳ್ಳುಗಳನ್ನು ತೆಗೆದೆ. ಹಿತ್ತಾಳೆಯಲ್ಲಿ ಉಳಿದ ಒಂದು ಮುಳ್ಳು ನೆಗೆಟಿವಿನ ಉದ್ದಕ್ಕೂ ಗೀರಾಗುತ್ತದೆಂಬುದನ್ನು ನಾನು ಬೇರೊಂದು ಯಂತ್ರದಲ್ಲಿ ಕಲಿತಾಗಿತ್ತು.

ಫಿಲ್ಮುಗಳನ್ನು ಕೂರಿಸುವ ದಿಕ್ಕಿನಲ್ಲಿ ಮೊದಲ ಪೆಟ್ಟು ತಿಂದೆ. ದೀಪದ ಕಡೆ ನೆಗೆಟಿವ್, ಲೆನ್ಸಿನ ಕಡೆ ಪ್ರಿಂಟ್ ಫಿಲ್ಮ್, ಎಮಲ್ಷನ್‌ಗಳು ಮುಖಾಮುಖಿ, ಇಷ್ಟು ಸರಿಯಾಗಿತ್ತು. ಆದರೆ ನನ್ನ ನೆಗೆಟಿವಿಗೂ ಪ್ರಿಂಟ್ ಫಿಲ್ಮಿಗೂ ಒಂದೇ ಅಂಚಿನಲ್ಲಿ ತೂತುಗಳು; ಎರಡೂ ಒಂದೇ ಬಗೆಯಲ್ಲಿ ಸುತ್ತಿದವು. ಒಂದನ್ನು ಇನ್ನೊಂದಕ್ಕೆ ಮುಖಮಾಡಿ ಹಿಡಿದಾಗ ಒಂದರ ತೂತು ಎಡಕ್ಕೆ, ಇನ್ನೊಂದರದು ಬಲಕ್ಕೆ ಹೋಗುತ್ತದೆ. ಕತ್ತಲಲ್ಲಿ ಬೆರಳಿನಿಂದ ತಡವಿ ನೋಡದೆ ಓಡಿಸಿದೆ. ಶಬ್ದ ಸ್ವಲ್ಪ ಗಡುಸಾಗಿದೆ ಎನಿಸಿತಾದರೂ ಹೊಸ ಯಂತ್ರವಲ್ಲವೇ ಎಂದು ಬಿಟ್ಟೆ. ಬೆಳಕಿಗೆ ತಂದು ನೋಡಿದರೆ ಪ್ರಿಂಟ್ ಫಿಲ್ಮಿನ ತೂತಿಲ್ಲದ ಅಂಚಿನಲ್ಲಿ ಕೊಕ್ಕೆ ಉದ್ದಕ್ಕೂ ಅರ್ಧಚಂದ್ರದ ತಗ್ಗುಗಳನ್ನು ಒತ್ತಿತ್ತು. ಫಿಲ್ಮು ಮನಬಂದಂತೆ ಜಾರಿ, ಆರು ಅಡಿ ವ್ಯರ್ಥವಾಗಿತ್ತು. ಪರಿಹಾರ ಮಾತ್ರ ತೀರ ಸುಲಭ. ಕಚ್ಚಾ ಫಿಲ್ಮಿಗೆ ತಲೆ ಬಾಲವೆಂಬ ಭೇದವಿಲ್ಲ. ಕತ್ತಲಲ್ಲಿ ಅದನ್ನು ಎಮಲ್ಷನ್ ಒಳಗಡೆಯೇ ಉಳಿಯುವಂತೆ ಇನ್ನೊಂದು ಸುರುಳಿಗೆ ಒಮ್ಮೆ ಸುತ್ತಿಕೊಂಡರೆ ತೂತಿನ ಅಂಚು ತಾನಾಗಿ ಬದಿ ಬದಲಿಸುತ್ತದೆ. ಎರಡೂ ಅಂಚಿನಲ್ಲಿ ತೂತಿರುವ ಫಿಲ್ಮಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಪ್ರೊಜೆಕ್ಟರನ್ನು ಒಂದು ಫಿಲ್ಮಿನ ದಪ್ಪಕ್ಕೆ ಮಾಡಿರುತ್ತಾರೆ, ಎರಡಕ್ಕಲ್ಲ. ಸ್ಪ್ರಾಕೆಟಿನ ಮೇಲೆ ಫಿಲ್ಮನ್ನು ಒತ್ತಿ ಹಿಡಿಯುವ ಶೂಗಳ ಕೆಳಗೆ 0.15 ಮಿ.ಮೀ. ಹಿತ್ತಾಳೆ ತಗಡನ್ನು ಕೊಟ್ಟು ಎತ್ತರಿಸಿದೆ. ಸಣ್ಣ ಸ್ಪ್ರಾಕೆಟಿನ ಜಾರುವಿಕೆಯ ಬಗ್ಗೆ ಮೇಲೆ ಹೇಳಿದ ದೋಷ ಇಲ್ಲಿಯೂ ಇದೆ, ಆದರೆ ಇಲ್ಲಿ ಬೆಳಕಿಲ್ಲ, ನಾಲ್ಕೇ ಹಲ್ಲುಗಳು ಕಚ್ಚಿರುತ್ತವೆ, 1.27 ಮಿ.ಮೀ. ಎತ್ತರದ ತೂತಿನಲ್ಲಿ ಅಷ್ಟು ಸಡಿಲಕ್ಕೆ ಎಡೆಯಿದೆ. ಗೇಟಿನ ಮೇಲೂ ಕೆಳಗೂ ಇರುವ ಲೂಪುಗಳು (ಫಿಲ್ಮಿನ ಸಡಿಲ ಬಾಗುಗಳು) ಉಳಿದದ್ದನ್ನು ನುಂಗಿಕೊಳ್ಳುತ್ತವೆ. ಕೊಕ್ಕೆ ಎರಡು ಫಿಲ್ಮುಗಳನ್ನು ದಾಟಿ ಹೊರಬರುವಷ್ಟು ಉದ್ದವಿದೆಯೇ ಎಂಬುದನ್ನು ಬೇಡವಾದ ಎರಡು ತುಂಡುಗಳನ್ನಿಟ್ಟು ಕೈಯಿಂದ ತಿರುಗಿಸಿ ಮೊದಲೇ ನೋಡಿಕೊಳ್ಳಬೇಕು. ನನ್ನದರಲ್ಲಿ ಉದ್ದ ಸಾಕಷ್ಟಿತ್ತು. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಫಿಲ್ಮನ್ನು ಥಟ್ಟನೆ ನಿಲ್ಲಿಸಲು ಬೇಕಾದ ಗೇಟಿನ ಗಡುಸು ಸ್ಪ್ರಿಂಗುಗಳು ಸೆಕೆಂಡಿಗೆ ಎರಡೇ ಫ್ರೇಮಿನ ವೇಗಕ್ಕೆ ಬೇಡ, ಅವನ್ನು ಮೆದುವಾದುವಕ್ಕೆ ಬದಲಿಸಿದೆ. ಒಂದು ಜೊತೆ ಸುರುಳಿ ತೋಳುಗಳ ಪಕ್ಕಕ್ಕೆ ಅಲ್ಯುಮಿನಿಯಂ ಪಟ್ಟಿಯ ಇನ್ನೊಂದು ಜೊತೆಯನ್ನು ಸೇರಿಸಿ, ಸುತ್ತಿಕೊಳ್ಳುವ ಎರಡು ಸುರುಳಿಗಳಿಗೂ ಉಣ್ಣೆ ಬಟ್ಟೆಯ ಬಿಲ್ಲೆಗಳಿಂದ ಜಾರುವ ಕ್ಲಚ್ ಮಾಡಿದೆ.

ಮೊದಲ ರೂಪದಲ್ಲಿ 12 ವೋಲ್ಟಿನ ಡಿಸಿ ಗೇರ್ ಮೋಟಾರು, ಸದಾ ಉರಿಯುವ ಹ್ಯಾಲೊಜೆನ್ ಬಲ್ಬು, ಒಂಟಿ ರೆಕ್ಕೆಯ ಷಟರ್ ಇದ್ದವು. ಯಂತ್ರ ಓಡಿತು, ಪ್ರಿಂಟ್ ಬಂತು, ಚಿತ್ರ ಗುರುತು ಸಿಗುವಂತಿತ್ತು, ನನಗೆ ನೆಲ ಕಾಣಲಿಲ್ಲ. ಪರದೆಯ ಮೇಲೆ ಹಾಕಿದಾಗ ಚಿತ್ರ ಉಸಿರಾಡುತ್ತಿತ್ತು: ಬೆಳಕು ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಮತ್ತೆ ಏರುತ್ತಿತ್ತು. ಬಲ್ಬಿನ ವಿದ್ಯುತ್ ಪೂರೈಕೆಯನ್ನು ಅನುಮಾನಿಸಿ ಎರಡು ದಿನ ಕಳೆದೆ. ಕೊನೆಗೆ ಪ್ರಿಂಟನ್ನು ಲೈಟ್ ಬಾಕ್ಸಿನ ಮೇಲೆ ಹಾಸಿ ಒಂದು ಏರಿನಿಂದ ಮುಂದಿನ ಏರಿಗೆ ಎಷ್ಟು ಫ್ರೇಮುಗಳೆಂದು ಎಣಿಸಿದೆ. ಸುರುಳಿಯ ಆರಂಭದಲ್ಲಿ 13, ಕೊನೆಯ ಹತ್ತಿರ 36. ಬಲ್ಬಿನ ದೋಷವಾಗಿದ್ದರೆ ಈ ಅಂತರ ಬದಲಾಗಬಾರದು. ಅಂತರ ಬೆಳೆಯುತ್ತ ಹೋಗಿದೆಯೆಂದರೆ ಬೆಳೆಯುತ್ತ ಹೋಗುವ ಯಾವುದೋ ವಸ್ತುವೇ ಅದಕ್ಕೆ ಕಾರಣ, ಅದು ಫಿಲ್ಮನ್ನು ಸುತ್ತಿಕೊಳ್ಳುವ ಸುರುಳಿ. 13 ಫ್ರೇಮು ಸುಮಾರು 10 ಸೆಂ.ಮೀ., ಬರಿಯ ನಡುದಿಂಡಿನ ಸುತ್ತಳತೆ. 36 ಫ್ರೇಮು ಸುಮಾರು 27 ಸೆಂ.ಮೀ., ತುಂಬಿದ ಸುರುಳಿಯ ಸುತ್ತಳತೆ. ಸುರುಳಿಯ ತಗಡು ಬಾಗಿ ಪ್ರತಿ ಸುತ್ತಿಗೊಮ್ಮೆ ತೋಳಿಗೆ ಉಜ್ಜುತ್ತಿತ್ತು, ಉಜ್ಜಿದಾಗಲೆಲ್ಲ ಮೋಟಾರಿನ ವೇಗ ತಗ್ಗುತ್ತಿತ್ತು, ವೇಗ ತಗ್ಗಿದರೆ ಷಟರ್ ಹೆಚ್ಚು ಹೊತ್ತು ತೆರೆದಿರುತ್ತಿತ್ತು.

ಬಾಗಿದ ತಗಡನ್ನು ನೇರಮಾಡುವುದು ಐದು ನಿಮಿಷದ ಕೆಲಸ. ಆದರೆ ಲೆಕ್ಕ ಹಾಕಿದರೆ ಆ ದಾರಿಯೇ ಸರಿಯಲ್ಲವೆಂದು ತೋರಿತು. ವೇಗದಲ್ಲಿ ಹತ್ತು ಪ್ರತಿಶತ ವ್ಯತ್ಯಾಸವಾದರೆ ಬೆಳಕಿನಲ್ಲಿ ಲಾಗರಿದಮ್ ಅಳತೆಯ 0.04ರಷ್ಟು ಬದಲಾಗುತ್ತದೆ, ಪ್ರಿಂಟ್ ಫಿಲ್ಮಿನ ಕಾಂಟ್ರಾಸ್ಟ್ ಕಡಿದಾದದ್ದು, ಅದರ ಅಳತೆಯಾದ ಗಾಮಾ 2.5ರ ಆಸುಪಾಸಿನಲ್ಲಿದೆ ಎಂದುಕೊಂಡರೆ ಡೆನ್ಸಿಟಿಯಲ್ಲಿ (ಪ್ರಿಂಟಿನ ಕಪ್ಪಿನ ಅಳತೆ) ಅದು 0.1 ಆಗುತ್ತದೆ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಸುರುಳಿ, ಬೆಲ್ಟು, ಕ್ಲಚ್, ಗೇಟಿನ ಘರ್ಷಣೆ, ಇವುಗಳಲ್ಲಿ ಯಾವುದು ಯಾವಾಗ ಮುನಿಸಿಕೊಂಡರೂ ಚಿತ್ರದ ಮೇಲೆ ಅದರ ಸಹಿ ಬೀಳುತ್ತದೆ. ಫಿಲ್ಮನ್ನು ಸರಿಸುವ ಕೆಲಸಕ್ಕೂ ಬೆಳಕನ್ನು ಅಳೆಯುವ ಕೆಲಸಕ್ಕೂ ನಂಟೇ ಇರಬಾರದು ಎಂಬುದು ಈ ಇಡೀ ಪ್ರಯತ್ನದಲ್ಲಿ ನಾನು ತೆಗೆದುಕೊಂಡ ಒಂದೇ ದೊಡ್ಡ ನಿರ್ಧಾರ.

ಎರಡನೆಯ ರೂಪದಲ್ಲಿ ಡಿಸಿ ಮೋಟಾರಿನ ಬದಲು ಸುತ್ತಿಗೆ 200 ಹೆಜ್ಜೆಯ ಸ್ಟೆಪ್ಪರ್ ಮೋಟಾರನ್ನು ಹಲ್ಲು ಬೆಲ್ಟಿನಿಂದ ಕೊಕ್ಕೆಯ ದಂಡಕ್ಕೆ ಒಂದಕ್ಕೊಂದು ಅನುಪಾತದಲ್ಲಿ ಜೋಡಿಸಿದೆ. ದಂಡ ಒಂದು ಸುತ್ತು ಬಂದರೆ ಒಂದು ಫ್ರೇಮ್. ಬಲ್ಬಿನ ಜಾಗದಲ್ಲಿ 3 ವ್ಯಾಟಿನ ಬಿಳಿ ಎಲ್‌ಇಡಿ ಬಂತು. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು ದಂಡವನ್ನು 400 ಮಿಲಿಸೆಕೆಂಡಿನಲ್ಲಿ ಒಂದು ಸುತ್ತು ತಿರುಗಿಸಿ, ಕೊಕ್ಕೆ ಹಿಂದೆ ಸರಿದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಅದುರು ಅಡಗಲೆಂದು 60 ಮಿಲಿಸೆಕೆಂಡ್ ಕಾಯುತ್ತದೆ. ಆಮೇಲೆ ಎಲ್‌ಇಡಿಯನ್ನು ಬೇಕಾದಷ್ಟು ಹೊತ್ತು ಉರಿಸಿ ಆರಿಸುತ್ತದೆ. ಫಿಲ್ಮು ಸರಿಯುವಾಗ ಬೆಳಕೇ ಇರುವುದಿಲ್ಲವಾದ್ದರಿಂದ ಷಟರ್ ಬೇಡವಾಯಿತು. ಹೆಜ್ಜೆ ತಪ್ಪಿದರೆ ತಿಳಿಯಲೆಂದು ದಂಡಕ್ಕೆ ಒಂದು ಪುಟ್ಟ ಅಯಸ್ಕಾಂತವನ್ನೂ ಅದರೆದುರು ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರನ್ನೂ ಇಟ್ಟೆ. ಕತ್ತಲಲ್ಲಿ ಕೆಲಸ ಮಾಡುವ ಯಂತ್ರದೊಳಗೆ ಬೆಳಕಿನಿಂದ ನಡೆಯುವ ಸೆನ್ಸರ್ ಬೇಡವೆನಿಸಿತು. ಎಲ್‌ಇಡಿಯನ್ನು ಮಂದಮಾಡಲು ಚಕಚಕನೆ ಆರಿಸಿ ಹೊತ್ತಿಸುವ ಉಪಾಯವನ್ನು ಬಳಸದೆ, ಸ್ಥಿರ ಕರೆಂಟಿನ ಡ್ರೈವರನ್ನು ಕೊಟ್ಟು, ಬೆಳಕಿನ ಪ್ರಮಾಣವನ್ನು ಉರಿಯುವ ಹೊತ್ತಿನಿಂದ ಮಾತ್ರ ನಿಯಂತ್ರಿಸಿದೆ. ಕಪ್ಪುಬಿಳುಪಿನ ಪ್ರಿಂಟ್ ಫಿಲ್ಮು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುವಂಥದ್ದು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ 450 ನ್ಯಾನೊಮೀಟರಿನ ಸುತ್ತ ನೀಲಿಯ ದೊಡ್ಡ ಶಿಖರವಿದೆ, ಹ್ಯಾಲೊಜೆನ್ ಬಲ್ಬಿನಲ್ಲಿ ಆ ಭಾಗವೇ ಬಡಕಲು. ಇದು ಲೆಕ್ಕಕ್ಕೆ ಬಾರದೆ ಸಿಕ್ಕ ಲಾಭ.

ಹೊತ್ತನ್ನು ಮಿಲಿಸೆಕೆಂಡಿನಲ್ಲಿ ನೆನಪಿಡುವುದು ಕಷ್ಟ, ಆದ್ದರಿಂದ ಲ್ಯಾಬುಗಳ ಹಳೆಯ ಪದ್ಧತಿಯನ್ನೇ ಬರೆದುಕೊಂಡೆ. ಅಲ್ಲಿ ಪ್ರಿಂಟರ್ ಬೆಳಕಿಗೆ 1ರಿಂದ 50ರವರೆಗೆ ಪಾಯಿಂಟುಗಳು; ಒಂದು ಪಾಯಿಂಟೆಂದರೆ 0.025 ಲಾಗ್, ಹನ್ನೆರಡು ಪಾಯಿಂಟೆಂದರೆ ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿ. ನಡುವಿನ 25ಕ್ಕೆ 40 ಮಿಲಿಸೆಕೆಂಡ್ ಎಂದು ಇಟ್ಟುಕೊಂಡರೆ 37ಕ್ಕೆ 80, 13ಕ್ಕೆ 20. ಕೆಳತುದಿಯಲ್ಲಿ 1ಕ್ಕೆ 10, ಮೇಲ್ತುದಿಯಲ್ಲಿ 50ಕ್ಕೆ 169 ಮಿಲಿಸೆಕೆಂಡ್ ಆಗುತ್ತದೆ. ದೃಶ್ಯ ಬದಲಾಗುವ ಫ್ರೇಮಿನ ಸಂಖ್ಯೆಯನ್ನೂ ಅದರ ಪಾಯಿಂಟನ್ನೂ ಒಂದು ಪಟ್ಟಿಯಲ್ಲಿ ಕೊಟ್ಟರೆ ಯಂತ್ರ ತಾನೇ ಬೆಳಕನ್ನು ಬದಲಿಸಿಕೊಳ್ಳುತ್ತದೆ. 25ನೆಯ ಪಾಯಿಂಟಿನಲ್ಲಿ ಒಂದು ಫ್ರೇಮಿಗೆ ಒಟ್ಟು ಅರ್ಧ ಸೆಕೆಂಡ್. 100 ಅಡಿಯ ಸುರುಳಿಯಲ್ಲಿ 4000 ಫ್ರೇಮು, ಅಂದರೆ 33 ನಿಮಿಷ 20 ಸೆಕೆಂಡ್. ಪರದೆಯ ಮೇಲೆ ಅದು ಮೂರು ನಿಮಿಷವೂ ಬಾಳುವುದಿಲ್ಲ. ಕೆಂಪು ದೀಪದಡಿಯಲ್ಲಿ ಆ ಟಿಕ್ ಟಿಕ್ ಕೇಳುತ್ತ ಕೂರುವುದು ನನಗೆ ಹಿತವೇ.

ಉಸಿರಾಟ ನಿಂತಿತು. ಆಗ, ಅದುವರೆಗೆ ಗಮನಿಸದಿದ್ದ ಇನ್ನೊಂದು ದೋಷ ಎದ್ದು ಕಂಡಿತು: ಚಿತ್ರದ ಅಂಚುಗಳು ಹರಿತವಾಗಿವೆ, ನಡುವೆ ಮಾತ್ರ ಬೆಣ್ಣೆಯಂತೆ ಮೆತ್ತಗೆ. ಪ್ರೊಜೆಕ್ಟರಿನ ಗೇಟು ಫಿಲ್ಮನ್ನು ಅಂಚುಗಳಲ್ಲಿ ಮಾತ್ರ ಒತ್ತುತ್ತದೆ, ಚಿತ್ರದ ಭಾಗ ಗೀರಾಗದಿರಲೆಂದು ನಡುವೆ ತಗ್ಗು ಬಿಟ್ಟಿರುತ್ತಾರೆ. ಲೆನ್ಸಿನ ಕಡೆಯಂತೂ ಕಿಂಡಿಯೇ ಇದೆ. ಪ್ರಿಂಟ್ ಫಿಲ್ಮು ಆ ಕಿಂಡಿಯ ಕಡೆಗೆ ಉಬ್ಬಿ ನೆಗೆಟಿವಿನಿಂದ ದೂರ ಸರಿಯುತ್ತಿತ್ತು. ಎಲ್‌ಇಡಿಯ ಮುಂದೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆಯನ್ನು ನೆಗೆಟಿವಿಗೆ ತೀರ ಹತ್ತಿರ, 10 ಮಿ.ಮೀ. ದೂರದಲ್ಲಿ ಇಟ್ಟಿದ್ದುದು ಇದಕ್ಕೆ ತುಪ್ಪ ಸುರಿದಂತಾಗಿತ್ತು. 10 ಮಿ.ಮೀ. ಅಗಲದ ಬೆಳಕಿನ ಮೂಲ 10 ಮಿ.ಮೀ. ದೂರದಲ್ಲಿದ್ದರೆ, ಎರಡು ಫಿಲ್ಮುಗಳ ನಡುವೆ 0.05 ಮಿ.ಮೀ. ಎಡೆಯಿದ್ದರೂ ಪ್ರತಿ ಬಿಂದುವೂ ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಎರಡು ಮೀಟರ್ ಅಗಲದ ಪರದೆಯಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್.

ಎರಡು ಕಡೆಯಿಂದಲೂ ತಿದ್ದಿದೆ. ಲೆನ್ಸಿನ ಕಡೆಯ ಕಿಂಡಿಗೆ ಸರಿಯಾಗಿ ಕೂರುವ ಒಂದು ತುಂಡನ್ನು ಮೊದಲು ಹಿತ್ತಾಳೆಯಲ್ಲಿ ಮಾಡಿ ಹೊಳಪು ಕೊಟ್ಟೆ. ಚಿತ್ರ ಹರಿತವಾಯಿತು, ಆದರೆ ಹಿತ್ತಾಳೆಯಿಂದ ಹಿಂದಿರುಗಿದ ಬೆಳಕು ಕಪ್ಪಿನ ಸುತ್ತ ಪ್ರಭೆ ಕಟ್ಟಿತು. ಅದನ್ನು ಬಿಸಾಕಿ ಕಪ್ಪು ಅಸಿಟಾಲ್ ಪ್ಲಾಸ್ಟಿಕ್ಕಿನಲ್ಲಿ ಇನ್ನೊಂದನ್ನು ಮಾಡಿದೆ. ಅದು ಜಾರುಗುಣದ ವಸ್ತು, ಫಿಲ್ಮನ್ನು ಗೀರುವುದಿಲ್ಲ, ಬೆಳಕನ್ನೂ ಹೆಚ್ಚು ಹಿಂದಿರುಗಿಸುವುದಿಲ್ಲ. ಅಂಚುಗಳನ್ನು ಉರುಟಾಗಿಸಿ, ಫೀಲರ್ ಗೇಜಿನಿಂದ ನೋಡಿಕೊಳ್ಳುತ್ತ, ಅದರ ಮುಖ ಗೇಟಿನ ಹಳಿಗಳಿಗಿಂತ 0.05 ಮಿ.ಮೀ. ಮುಂದೆ ಬರುವಂತೆ ಕೂರಿಸಿದೆ. ಅಕ್ರಿಲಿಕ್ ಹಾಳೆಯನ್ನು 80 ಮಿ.ಮೀ. ಹಿಂದಕ್ಕೆ ಒಯ್ದಾಗ ಚಿತ್ರ ಬ್ಲೇಡಿನಂತೆ ಹರಿತವಾಯಿತು, ಜೊತೆಗೆ ನೆಗೆಟಿವಿನ ಬೆನ್ನಿನ ಮೇಲಿನ ಪ್ರತಿಯೊಂದು ಗೀರೂ ಪ್ರತಿಯೊಂದು ಧೂಳಿನ ಕಣವೂ ಅಷ್ಟೇ ಹರಿತವಾಗಿ ಮೂಡಿತು. ಹರಡಿದ ಬೆಳಕು ಗೀರನ್ನು ಮರೆಸುತ್ತದೆ, ನೇರ ಬೆಳಕು ಗೀರನ್ನು ಕೆತ್ತುತ್ತದೆ. ಲ್ಯಾಬುಗಳು ಇದಕ್ಕಾಗಿ ಫಿಲ್ಮಿನಷ್ಟೇ ವಕ್ರೀಭವನವಿರುವ ದ್ರವದಲ್ಲಿ ನೆಗೆಟಿವನ್ನು ತೋಯಿಸಿ ಪ್ರಿಂಟ್ ಮಾಡುತ್ತಿದ್ದವು, ಆದರೆ ಆ ದ್ರವವಾದ ಪರ್‌ಕ್ಲೋರೊಎಥಿಲೀನ್ ಮನೆಯೊಳಗೆ ತರುವಂಥದ್ದಲ್ಲ. ಕೊನೆಗೆ 40 ಮಿ.ಮೀ.ಗೆ ನಿಲ್ಲಿಸಿದೆ. ಇದು ನನ್ನ ನೆಗೆಟಿವುಗಳ ಸ್ಥಿತಿಗೆ ತಕ್ಕ ರಾಜಿ, ಶುಚಿಯಾಗಿ ಕೆಲಸ ಮಾಡುವವರು ಇನ್ನೂ ದೂರ ಹೋಗಬಹುದು.

ಇನ್ನು ಅತಿ ಹೆಚ್ಚು ದಿನ ತಿಂದ ದೋಷ. ಪ್ರಿಂಟಿನಲ್ಲಿ ಬೆಳ್ಳಗಿರಬೇಕಾದ ಜಾಗಗಳೆಲ್ಲ ನಸುಬೂದು. ಎಲ್ಲೋ ಬೆಳಕು ಸೋರುತ್ತಿದೆಯೆಂದು ದೀಪದ ಮನೆಯ ಸಂದುಗಳಿಗೆಲ್ಲ ಕಪ್ಪು ಟೇಪು ಹಚ್ಚಿದೆ, ಆರ್ಡುಯಿನೊ ಬೋರ್ಡಿನ ಮೇಲಿನ ಪುಟ್ಟ ಸೂಚಕ ದೀಪಗಳನ್ನು ಮುಚ್ಚಿದೆ, ಕೆಂಪು ದೀಪವನ್ನೇ ಆರಿಸಿ ನೋಡಿದೆ. ಬೂದು ಹೋಗಲಿಲ್ಲ. ಆಮೇಲೆ ಊಹೆಯನ್ನು ಬಿಟ್ಟು ಪರೀಕ್ಷೆಗೆ ಇಳಿದೆ. ಕತ್ತಲಲ್ಲಿ ಕಚ್ಚಾ ಫಿಲ್ಮಿನ ಒಂದು ತುಂಡನ್ನು ಯಂತ್ರದ ಪಕ್ಕ ಎಮಲ್ಷನ್ ಮೇಲೆ ಬರುವಂತೆ ಹಾಸಿ, ಅದರ ನಡುವೆ ಒಂದು ಸ್ಕ್ರೂವನ್ನು ತಲೆಕೆಳಗಾಗಿ ನಿಲ್ಲಿಸಿ, ಯಂತ್ರಕ್ಕೆ ವಿದ್ಯುತ್ ಕೊಟ್ಟು ಆದರೆ ಓಡಿಸದೆ, ಅರ್ಧ ಗಂಟೆ ಬಿಟ್ಟು ಡೆವಲಪ್ ಮಾಡಿದೆ. ಬೂದು ಬಣ್ಣದ ನಡುವೆ ಸ್ಕ್ರೂವಿನ ನೆರಳು ಬೆಳ್ಳಗೆ, ಉದ್ದವಾಗಿ, ಒಂದೇ ದಿಕ್ಕಿಗೆ ಚಾಚಿಕೊಂಡಿತ್ತು. ನೆರಳಿಗೆ ಎದುರಾಗಿ ಇದ್ದುದು ಯಂತ್ರವಲ್ಲ, ಗೋಡೆ. ಮೇಜಿನ ಕೆಳಗೆ ನೆಲದ ಮೇಲೆ ಬಿದ್ದಿದ್ದ ಪವರ್ ಸಪ್ಲೈ ಪೆಟ್ಟಿಗೆಯ ನೀಲಿ ಸೂಚಕ ದೀಪ ಆ ಬಿಳಿ ಗೋಡೆಗೆ ತಾಗಿ ಮೇಲೆ ಬರುತ್ತಿತ್ತು. ನೀಲಿಗೆ ಮಾತ್ರ ಸ್ಪಂದಿಸುವ ಫಿಲ್ಮಿಗೆ, ಅರ್ಧ ಗಂಟೆಗೂ ಮೀರಿ, ನೀಲಿ ದೀಪ! ಬೋರ್ಡಿನ ಹಸಿರು ದೀಪಗಳ ಮೇಲೆ ಅಷ್ಟು ಟೇಪು ಸುತ್ತಿದವನಿಗೆ ಇದು ಕಾಲಬುಡದಲ್ಲೇ ಇತ್ತು. ಪೆಟ್ಟಿಗೆಯನ್ನು ಕೋಣೆಯ ಹೊರಗಿಟ್ಟು ತಂತಿಯನ್ನು ಮಾತ್ರ ಒಳಗೆ ತಂದ ಮೇಲೆ ಬಿಳುಪು ಬಿಳುಪಾಯಿತು.

ಪ್ರಿಂಟಿನ ಬೆಳಕನ್ನು ಗೊತ್ತುಮಾಡಲು ಪ್ರತಿ ಹೊಸ ನೆಗೆಟಿವಿನಿಂದ ಹದವಾಗಿ ಬಂದಿರುವ ಒಂದು ದೃಶ್ಯವನ್ನು ಆರಿಸಿ, ಹತ್ತು ಹತ್ತು ಫ್ರೇಮಿಗೊಮ್ಮೆ ನಾಲ್ಕು ಪಾಯಿಂಟು ಏರಿಸುತ್ತ ಒಂದು ಪಟ್ಟಿ ತೆಗೆಯುತ್ತೇನೆ, ಅದನ್ನು ಲೈಟ್ ಬಾಕ್ಸಿನ ಮೇಲೆ ನೋಡಿ ತೀರ್ಮಾನಿಸದೆ ಪ್ರೊಜೆಕ್ಟರಿನಲ್ಲಿಯೇ ಹಾಕಿ ನೋಡುತ್ತೇನೆ. ಡೆವಲಪಿಂಗ್‌ಗೆ ಕೊಡಾಕ್ ಹೇಳುವುದು ಡಿ-97 ಎಂಬ ದ್ರಾವಣ. ನಾನು ಕಾಗದದ ಡೆವಲಪರನ್ನೇ ತೆಳುಮಾಡಿ ಬಳಸುತ್ತೇನೆ, ಪಾಯಿಂಟುಗಳನ್ನು ಅದಕ್ಕೇ ಹೊಂದಿಸಿಕೊಂಡಿರುವುದರಿಂದ ತೊಂದರೆಯಾಗಿಲ್ಲ. ಚಿತ್ರದ ಮೇಲೆ ಚಿತ್ರ ಕೂರಿಸಬೇಕಾದಾಗ ನೆಗೆಟಿವಿಗೂ ಕಚ್ಚಾ ಫಿಲ್ಮಿಗೂ ಆರಂಭದಲ್ಲಿ ಒಂದೊಂದು ತೂತು ಹೊಡೆದು, ಎರಡನ್ನೂ ಗೇಟಿನಲ್ಲಿ ಒಂದರ ಮೇಲೊಂದು ಬರುವಂತೆ ಬೆರಳಿನಿಂದಲೇ ತಡವಿ ಇಟ್ಟು, ಎಣಿಕೆಯನ್ನು ಸೊನ್ನೆಗೆ ತಂದು ಓಡಿಸುತ್ತೇನೆ. ಮುಗಿದ ಮೇಲೆ ಕತ್ತಲಲ್ಲೇ ಹಿಂದಕ್ಕೆ ಸುತ್ತಿ ಎರಡನೆಯ ನೆಗೆಟಿವನ್ನು ಅದೇ ಗುರುತಿಗೆ ಕೂರಿಸುತ್ತೇನೆ. ಮೂರು ಸಲ ಹಾಯಿಸಿದ ಒಂದು ತುಣುಕಿನಲ್ಲಿ ಮೂರೂ ಪದರಗಳು ಫ್ರೇಮಿಗೆ ಫ್ರೇಮ್ ಕೂಡಿಕೊಂಡಿವೆ, ಆದರೆ ಅಡ್ಡಡ್ಡಕ್ಕೆ ಒಂದಕ್ಕೊಂದು ತುಸು ತೂಗಾಡುತ್ತವೆ. ಗೇಟಿನ ಪಕ್ಕದ ಸ್ಪ್ರಿಂಗು ಎರಡು ಫಿಲ್ಮುಗಳನ್ನು ಸಮನಾಗಿ ಒತ್ತುತ್ತಿಲ್ಲವೆಂದು ತೋರುತ್ತದೆ. ಒಂದು ಅಗಲವಾದ ಸ್ಪ್ರಿಂಗಿನ ಬದಲು ಎರಡು ಕಿರಿದಾದವನ್ನು ಹಾಕಿ ನೋಡಬೇಕಾಗಿದೆ.

ಧ್ವನಿಪಟ್ಟಿಯನ್ನು ಈ ಯಂತ್ರದಲ್ಲಿ ಪ್ರಿಂಟ್ ಮಾಡುವ ಆಲೋಚನೆಯನ್ನು ಬಿಟ್ಟಿದ್ದೇನೆ. ನಿಂತು ನಿಂತು ಸಾಗುವ ಫಿಲ್ಮಿನಲ್ಲಿ ಪಟ್ಟಿಯನ್ನು ಫ್ರೇಮಿನುದ್ದದ ತುಂಡುಗಳಾಗಿ ಹೊಂದಿಸಬೇಕಾಗುತ್ತದೆ, ಪ್ರತಿ ಹೊಂದಿಕೆಯೂ ಸೆಕೆಂಡಿಗೆ 24 ಸಲ ಗುಂಯ್‌ಗುಡುತ್ತದೆ. ಸದ್ಯ ಮೇಜಿನ ಮೇಲಿರುವುದು ಹೊಸ ಸ್ಪ್ರಿಂಗಿಗಾಗಿ ಕತ್ತರಿಸಿಟ್ಟ ಫಾಸ್ಫರ್ ಬ್ರಾಂಜ್ ಪಟ್ಟಿ, ಮತ್ತು ಕಿಂಡಿಯ ಎಡ ಅಂಚಿನಲ್ಲಿ ಈಗಲೂ ಕಾಣುವ ಕೂದಲಿನಷ್ಟು ಸಪೂರದ ಒಂದು ಬಿಳಿ ಗೆರೆಗಾಗಿ ತೆಗೆದಿಟ್ಟ ಸೂಜಿ ಅರ.